ಬಾಲ ತಿರುಗ್ಸುದ್ರೆ ಹೊಗೆ ಬುಡೋ ಆನೆ

ಕೈಗೆ ಸಾಲ್ಡರಿಂಗ್ ಕಡ್ಡಿ ಸಿಕ್ಕಿದ್ ದಿನದಿಂದ ನನ್ ಸುತ್ತ ಒಂದು ಕೆಲ್ಸಾನೂ ನೆಟ್ಟಗೆ ನಡೆದಿಲ್ಲ. ಫ್ಯಾನ್ ರಿಪೇರಿ ಮಾಡ್ಕೊಟ್ರೆ ಹಿಂದಕ್ಕೆ ತಿರುಗ್ತದೆ, ಟಾರ್ಚ್ ರಿಪೇರಿ ಮಾಡ್ಕೊಟ್ರೆ ಹತ್ಕಂಡದ್ದು ಆರಲ್ಲ. ಆದ್ರೂ ಜನ ಬೇಜಾರ್ ಮಾಡ್ಕಳಲ್ಲ. ಟಿವಿ ತಂದ್ಕೊಟ್ಟು ಅಲ್ಲೇ ಕೂತ್ಕಂಡು ನನ್ನೇ ನೋಡ್ತಾರೆ. ಟಿವಿ ಸರಿ ಆಗಾಗಂಟ ಅವ್ರಿಗಾದ್ರೂ ನೋಡಕ್ಕೆ ಬೇರೇನೈತೆ? ಹಿಂಗೆ ನಡೆದಿದ್ರಲ್ಲಿ ನಮ್ಮಾವನ ಬೀಡಿ ಸಮಾಚಾರ ಒಂದು ಹೇಳ್ಬುಡ್ತೀನಿ, ಕೇಳಿ.

1. ಸ್ನಾನದ ಮ್ಯಾಲೆ ಸ್ನಾನ

ಇಂಜಿನಿಯರಿಂಗ್ ಅರ್ಧಕ್ಕೇ ಬುಟ್ಟು ನಾನು ಸೋದರಮಾವನ ಮನೆ ಸೇರ್ಕಂಡಿದ್ದೆ. ರಾಮನಗರದಿಂದ ಕನಕಪುರಕ್ಕೆ ಹೋಗೋ ರಸ್ತೇಲೈತೆ ಅವ್ರೂರು. ಆಗ ಬಿಡದಿ ಕಡೆ ಫ್ಯಾಕ್ಟರಿ ಪಕ್ಕ ಫ್ಯಾಕ್ಟರಿ ಏಳ್ತಿತ್ತು. ನನ್ ವಾರಗೆ ಹುಡುಗ್ರೆಲ್ಲ ಇಸ್ತ್ರಿ ಮಾಡಿದ್ ಯೂನಿಫಾರ್ಮ್ ಹಾಕ್ಕಂಡು ಕಂಪ್ನಿ ಬಸ್ ಹತ್ತೋರು. ನಾನು ಮಾವನ ಮನೆ ಮುಂದ್ಗಡೆ ರೂಮಲ್ಲಿ ರಿಮೋಟು, ಚಾರ್ಜರು, ಸ್ಟೆಬಿಲೈಸರು ಬಿಚ್ಚಿ ಹರಡ್ಕಂಡು ಕೂತಿರೋನು. ನಮ್ಮಪ್ಪ ಮಾಗಡೀಲಿ ಹೈಸ್ಕೂಲ್ ಮೇಷ್ಟ್ರು. ಫೋನ್ ಮಾಡ್ದಾಗೆಲ್ಲ ಒಂದೇ ಪಲ್ಲವಿ: "ಆಟ ಆಡಿದ್ದು ಸಾಕು, ಮತ್ತೆ ಕಾಲೇಜಿಗೆ ಸೇರ್ಕೊ."

ಮಾವನ ಮನೇಲಿ ರೇಷ್ಮೆ ಹುಳ ಸಾಕ್ತಾರೆ. ಹುಳಕ್ಕೂ ಹೊಗೆಸೊಪ್ಪಿಗೂ ಸುತ್ರಾಂ ಆಗಲ್ಲ. ಬೀಡಿ ಸೇದಿದ್ ಕೈಯಲ್ಲಿ ಸೊಪ್ಪು ಹಾಕುದ್ರೂ ಸಾಕು, ಹುಳ ವಾಂತಿ ಮಾಡ್ಕಂಡು ಬಿದ್ದೋಯ್ತವೆ. ನಮ್ಮಾವನೋ, ಬೀಡಿ ಇಲ್ದೆ ಕಣ್ಣೇ ಬುಡದಿರೋ ಆಸಾಮಿ. ಅದ್ಕೆ ಅತ್ತೆ ಒಂದು ಕಾನೂನು ಮಾಡಿದ್ಲು. ಸೇದೋದಾದ್ರೆ ಹುಣಸೆ ಮರದ ಕೆಳಗೆ ಸೇದ್ಬೇಕು. ಸೇದುದ್ ಮ್ಯಾಲೆ ತಲೆಗೆ ನೀರುಯ್ಕಂಡು, ಬಟ್ಟೆ ಬದ್ಲಾಯ್ಸಿ, ಆಮ್ಯಾಕೆ ಹುಳದ ಮನೆ ಬಾಗ್ಲು ತೆಗೀಬೇಕು.

ಮಾವ ಕಾನೂನಿಗೆ ಬೆಲೆ ಕೊಡೋ ಮನ್ಸ. ಬೀಡಿ ಕಮ್ಮಿ ಮಾಡ್ಲಿಲ್ಲ, ಸ್ನಾನ ಜಾಸ್ತಿ ಮಾಡ್ದ. ಹೊತ್ತುಟ್ಟೋಕ್ ಮುಂಚೆ ಒಂದು, ಕಾಪಿ ಆದ್ಮೇಲೆ ಒಂದು, ಸೊಪ್ಪು ತಂದ್ಮೇಲೆ ಒಂದು, ಉಂಡ್ಮೇಲೆ ಒಂದು. ಯಾವಾಗ್ ನೋಡುದ್ರೂ ಒದ್ದೆ ಪಂಚೆ ಉಟ್ಕಂಡು, ಕೂದ್ಲಿಂದ ನೀರು ತೊಟ್ಟಿಕ್ಕುಸ್ಕಂಡು ಹಿತ್ಲಿಂದ ಬತ್ತಿದ್ದ.

ಒಂದಿನ ಪಕ್ಕದ್ಮನೆ ಅಜ್ಜಿ ಬಂದು ಅತ್ತೆ ಕಿವೀಲಿ ಕೇಳ್ತು, "ಏನವ್ವಾ, ನಿನ್ ಗಂಡ ಕಬ್ಬಾಳಮ್ಮಂಗೆ ಹರಕೆ ಗಿರಕೆ ಹೊತ್ಕಂಡವ್ನಾ? ಇಂಥಾ ಮಡೀನ ನಾನು ಪೂಜಾರಪ್ಪನ ತಾವೂ ನೋಡಿಲ್ಲ."

ಅತ್ತೆ ಬಾಯಿ ಬುಡಕ್ ಮುಂಚೆ ಅಜ್ಜಿ ತನ್ನ ಸೊಸೇನ ಕರ್ಕಂಬಂದು ಮಾವನ ಕಾಲಿಗೆ ಬೀಳುಸ್ತು. ಮಾವ ಕಿವಿ ಮ್ಯಾಲಿದ್ದ ಬೀಡೀನ ತೆಗ್ದು ಬೆನ್ನಿಂದೆ ಬಚ್ಚಿಟ್ಕಂಡು, ಇನ್ನೊಂದ್ ಕೈಯಲ್ಲಿ ಆಶೀರ್ವಾದ ಮಾಡ್ದ.

2. ಲೋ ವೋಲ್ಟೇಜು

ಅವತ್ತು ಅತ್ತೆಗೆ ರೇಗೋಯ್ತು. ಗಂಡನ್ ಮ್ಯಾಲೆ ರೇಗುದ್ರೆ ಅವ್ನು ಇನ್ನೊಂದ್ ಬೀಡಿ ಸೇದ್ಬುಟ್ಟು ಇನ್ನೊಂದ್ ಸ್ನಾನ ಮಾಡ್ತಾನೆ, ಅದ್ಕೆ ನನ್ ರೂಮಿಗೆ ಬಂದ್ಲು.

"ನೋಡ್ಲಾ, ಈ ರೂಮು ನಂಗೆ ಚಂದ್ರಿಕೆ ಇಡಕ್ಕೆ ಬೇಕು," ಅಂದ್ಲು. ಚಂದ್ರಿಕೆ ಅಂದ್ರೆ ಹುಳ ಗೂಡು ಕಟ್ಟಕ್ಕೆ ಬುಡೋ ಬಿದ್ರಿನ ತಟ್ಟಿ, ಮಂಚದಷ್ಟಿರ್ತದೆ. "ಕರೆಂಟು ಬುದ್ಧಿ ಬುದ್ಧಿ ಅಂತೀಯಲ್ಲ, ಆ ಬುದ್ಧಿ ಓಡ್ಸಿ ನಿಮ್ಮಾವನ ಬೀಡಿ ಬುಡ್ಸು. ಈ ಬೆಳೆ ಗೂಡಾಗಾಗಂಟ ಅವ್ನು ಒಂದು ಬೀಡೀನೂ ಮುಟ್ನಿಲ್ಲ ಅಂದ್ರೆ ರೂಮು ನಿಂದು, ನಿಮ್ಮಪ್ಪಂಗೂ ನಾನೇ ಹೇಳ್ತೀನಿ. ಮುಟ್ದ ಅಂದ್ರೆ ನಿನ್ ಕಸ ಎಲ್ಲ ಎತ್ಕಂಡು ಕಾಲೇಜಿಗೆ ನಡಿ."

ಬೀಡಿ ಸೇದೋನು ಮಾವ, ಪರೀಕ್ಷೆ ನಂದು. ಕಾಲೇಜಲ್ಲಿ ಆದ್ರೂ ನನ್ ಪೇಪರ್ ನಾನೇ ಬರೀತಿದ್ದೆ.

ಬಿಡದಿ ಫ್ಯಾಕ್ಟರೀಲಿ ಕೆಲ್ಸ ಮಾಡೋ ನನ್ ದೋಸ್ತ್ ಒಬ್ಬ ಬೆಂಗ್ಳೂರಿಂದ ಒಂದು ಎಲೆಕ್ಟ್ರಾನಿಕ್ ಸಿಗರೇಟು ತಂದಿದ್ದ. ನೋಡಕ್ಕೆ ಪೆನ್ನು ಇದ್ದಂಗೈತೆ. ಒಳಗೆ ಬ್ಯಾಟ್ರಿ, ಕೂದ್ಲೆಳೆಯಂಥ ಒಂದು ಕಾಯಿಲ್ಲು, ಒಸಿ ರಸ. ಎಳುದ್ರೆ ಕಾಯಿಲ್ ಬಿಸಿಯಾಗಿ ರಸ ಹಬೆಯಾಗಿ ಬತ್ತದೆ. ಬೆಂಕಿ ಇಲ್ಲ, ಬೂದಿ ಇಲ್ಲ, ತುದೀಲಿ ಒಂದು ಕೆಂಪು ಲೈಟು. ಅವ್ನು ಎರಡ್ ದಿನ ಎಳ್ದು, "ಮಜಾ ಇಲ್ಲ ಮಗಾ," ಅಂತ ರಸದ್ ಬಾಟ್ಲಿಗಳ ಸಮೇತ ನಂಗೇ ಕೊಟ್ಬುಟ್ಟ.

ಮಾವನ ಕೈಗೆ ಕೊಟ್ಟೆ. ಅಭ್ಯಾಸಬಲ, ಬೆಂಕಿಕಡ್ಡಿ ಗೀರಿ ತುದಿಗೆ ಹಿಡ್ದ. ಕೆಂಪು ಲೈಟಿನ್ ಪ್ಲಾಸ್ಟಿಕ್ಕು ಕರಗಿ ಸೋರೋ ಮೂಗಿನಂಗೆ ಇಳೀತು.

"ಹತ್ಸಂಗಿಲ್ಲ ಮಾವ, ಸುಮ್ನೆ ಎಳಿ."

ಎಳ್ದ. ಕೆನ್ನೆ ಒಳಕ್ಕೋಗಂಗೆ ಎಳ್ದ. ಆಮೇಲೆ ಬಾಯಿ ಬುಟ್ಟು ಕಾದ. ಏನೋ ಒಂದೆಳೆ ಹಬೆ ಆಚೆ ಬಂತು.

"ಇದೇನ್ಲಾ ಇದು, ಗಂಟ್ಲಿಗೆ ಏನೂ ಹತ್ನಿಲ್ಲ. ದೂರದಿಂದ ಮಂಗಳಾರತಿ ತಕ್ಕಂಡಂಗಾಯ್ತು."

"ಬ್ಯಾಟ್ರಿ ವೋಲ್ಟೇಜು ಸಾಲ್ದು ಮಾವ. ವೋಲ್ಟೇಜು ಏರ್ಸುದ್ರೆ ಹೊಗೆ ಜಾಸ್ತಿ ಬತ್ತದೆ."

ವೋಲ್ಟೇಜು ಅಂದೇಟಿಗೆ ಮಾವನ ಮೊಕ ಗಂಭೀರ ಆಯ್ತು. ಪಂಪ್‌ಸೆಟ್ ಮೋಟ್ರು ಎಷ್ಟ್ ಸಲ ಸುಟ್ಕಂಡಿದ್ದಾನೋ, ಪಾಪ.

"ಅಲ್ಲ ಕಣ್ಲಾ, ತ್ವಾಟಕ್ಕೂ ಲೋ ವೋಲ್ಟೇಜು, ಮನೆಗೂ ಲೋ ವೋಲ್ಟೇಜು. ಈಗ ಬಾಯೊಳಕ್ಕೂ ಬಂತಾ? ಲೈನ್‌ಮ್ಯಾನ್‌ಗೊಂದು ಮಾತು ಹೇಳ್ಲಾ?"

3. ಸೀದ ವಾಸ್ನೆ

ಲೈನ್‌ಮ್ಯಾನ್ ಬ್ಯಾಡ, ನಾನೇ ಮಾಡ್ತೀನಿ ಅಂತ ಕೂತೆ. ಬೇಕಾದಷ್ಟು ವೋಲ್ಟೇಜು ಏರಿಸ್ಕಳೋ, ಬ್ಯಾಡಾದ್ರೆ ಇಳಿಸ್ಕಳೋ ಅಂಥದ್ದೊಂದು ಪವರ್ ಸಪ್ಲೈ. ಕಾಲೇಜ್ ಲ್ಯಾಬಲ್ಲಿ ಇದನ್ನೇ ಮಾಡ್ಸುದ್ರು, ಅವತ್ತು ನಾನು ಕ್ಯಾಂಟೀನಲ್ಲಿದ್ದೆ. ಅದ್ಕೆ ಇವತ್ತು ಒಸಿ ಕಷ್ಟ ಆಯ್ತು. ಹಳೇ ಲ್ಯಾಪ್‌ಟಾಪಿನ್ ಬ್ಯಾಟ್ರಿ ಸೆಲ್ಲು, ಕೆಟ್ಟೋದ್ ಚಾರ್ಜರಿನ್ ಒಳಗಿನ ಸಾಮಾನು, ರಾಮನಗರದ ರೇಡಿಯೋ ಅಂಗ್ಡೀಲಿ ತಂದ ಒಂದು ಮೂರು ಕಾಲಿನ ಐಸಿ ಎಲ್ಲ ಸೇರ್ಸಿದೆ. ತಿರುಗ್ಸಕ್ಕೆ ಒಂದು ನಾಬು ಬೇಕಿತ್ತು. ಅದನ್ನ ಮಾವನ ರೇಡಿಯೋದಿಂದಲೇ ಕಿತ್ಕಂಡೆ. ಅವತ್ತಿಂದ ಮಾವ ವಾರ್ತೆ ಕೇಳ್ಬೇಕಂದ್ರೆ ಇಕ್ಕಳ ಹಿಡ್ಕಂಡು ಸ್ಟೇಷನ್ ತಿರುಗಿಸ್ತಿದ್ದ.

ಎಲ್ಲಾನೂ ಒಂದು ಬಿಸ್ಕತ್ ಡಬ್ಬಕ್ಕೆ ತುಂಬಿ, ವೈರಿನ್ ತುದೀಲಿ ಸಿಗರೇಟಿನ್ ಕಾಯಿಲ್ಲು ಸಿಗ್ಸಿ, ಮಾವನ್ನ ಕರ್ದೆ.

"ಮೆಲ್ಲಗೆ ತಿರುಗ್ಸು ಮಾವ. ಮೊದ್ಲು ಕಮ್ಮೀಲಿ ಎಳ್ದು ನೋಡು."

ಮಾವ ಜೀವನದಲ್ಲಿ ಯಾವ ನಾಬ್ನೂ ಮೆಲ್ಲಗೆ ತಿರುಗ್ಸಿದೋನಲ್ಲ. ರೇಡಿಯೋಗೆ ತಿರುಗ್ಸಂಗೆ ಕೊನೆಗಂಟ ತಿರುಗ್ಸಿ ಎಳ್ದ. ವೈರಿನ್ ತುದೀಲಿ ಸುಯ್ ಅಂತು. ರಸ ಒಣಗೋಗಿ ಕಾಯಿಲ್ ಒಳಗಿನ್ ಹತ್ತಿ ಬತ್ತಿ ಕರಕಲಾಯ್ತು. ರೂಮೆಲ್ಲ ಸೀದ ವಾಸ್ನೆ. ಅಡಿಗೆಮನೆಯಿಂದ ಅತ್ತೆ ಓಡ್ಬಂದ್ಲು.

"ಯಾವನ್ಲಾ ಅವನು ಒಗ್ಗರಣೆ ಸೀಯ್ಸಿದ್ದು?"

ಮಾವ ಕಣ್ಣಲ್ಲಿ ನೀರು ಸುರಿಸ್ಕಂಡು ಕೆಮ್ತಾ ಅವ್ನೆ. ಮೊದಲ್ನೇ ದಿನಾನೇ ರೂಮು ಹೋಯ್ತಲ್ಲಪ್ಪ ಅನ್ಕಂಡೆ. ಮಾವ ಕೆಮ್ಮಿ ಕೆಮ್ಮಿ ಸುಧಾರಿಸ್ಕಂಡು, ಎದೆ ನೀವ್ಕಂಡು, ನನ್ ಬೆನ್ನು ತಟ್ದ.

"ಹಾ, ಈಗ ಬೀಡಿ ಇದ್ದಂಗೈತೆ ನೋಡು."

4. ಮಗೀಗೆ ಎಷ್ಟು ವರ್ಷ

ಸುಟ್ಟೋದ್ ಬತ್ತಿ ಬದ್ಲಾಯ್ಸಿ ಕೊಟ್ಟೆ, ಆದ್ರೆ ಬಿಸ್ಕತ್ ಡಬ್ಬ ತಗಡು. ಒಳಗೆ ವೈರು ತಾಕಿ ಒಂದೆರಡ್ ಸಲ ಮಾವನ ಬೆರಳು ಸುಟ್ಟಿತ್ತು. "ಮರದ್ ಡಬ್ಬ ಮಾಡ್ಸು, ಇಲ್ದಿದ್ರೆ ಹೋಗಿ ಬೀಡಿ ತತ್ತೀನಿ," ಅಂತ ಹೆದರಿಸ್ದ. ಮರದ್ ಕೆಲ್ಸ ಅಂದ್ರೆ ಚನ್ನಪಟ್ಟಣಕ್ಕೇ ಹೋಗ್ಬೇಕು. ಬಸ್ ಹತ್ತಿ ಹೋಗಿ ಗೊಂಬೆ ಮಾಡೋ ಒಬ್ರು ಸಾಹೇಬ್ರನ್ನ ಹುಡುಕ್ದೆ.

"ಚಾಚಾ, ಒಂದು ಡಬ್ಬ ಬೇಕಿತ್ತು. ಹಿಂಗೆ ಚೌಕಾಗಿ."

"ಚೌಕ ಬಡಗೀರು ಮಾಡ್ತಾರೆ ಬೇಟಾ. ನಮ್ದು ಲೇತು. ನಾವು ಮಾಡಿದ್ರೆ ಎಲ್ಲಾ ದುಂಡಗೇ ಬರೋದು."

"ದುಂಡಗೇ ಆಗ್ಲಿ. ಒಳಗೆ ಟೊಳ್ಳಿರ್ಬೇಕು, ಹೊಟ್ಟೇಲಿ ಬ್ಯಾಟ್ರಿ ಕೂರ್ಬೇಕು. ಮುಂದೊಂದು ಕೊಳವೆ, ಹಿಂದೆ ತಿರುಗ್ಸಕ್ಕೆ ಒಂದು ನಾಬು."

ಅವರು ಗಡ್ಡ ನೀವ್ಕಂಡು ಯೋಚ್ನೆ ಮಾಡುದ್ರು. "ದುಂಡು ಹೊಟ್ಟೆ, ಮುಂದೆ ಕೊಳವೆ, ಹಿಂದೆ ಒಂದು ಚೋಟುದ್ದ. ಇದು ಆನೆ ಅಲ್ವಾ? ನಾಳಿದ್ದು ಬನ್ನಿ, ಮಾಡಿಟ್ಟಿರ್ತೀನಿ."

ನಾಳಿದ್ದು ಹೋದ್ರೆ ಆನೆ ರೆಡಿ. ಅರಿಶ್ಣ ಬಣ್ಣದ್ ಮೈ, ಕೆಂಪು ಕಿವಿ, ಹಸ್ರು ಅಂಬಾರಿ. ಸೊಂಡ್ಲು ಮ್ಯಾಲಕ್ಕೆತ್ಕಂಡೈತೆ, ತುದೀಲಿ ಸಿಗರೇಟಿನ್ ಕಾಯಿಲ್ಲು ಕೂರಕ್ಕೆ ಸರಿಯಾಗಿ ತೂತು. ಬಾಲ ಹಿಡ್ದು ತಿರುಗ್ಸುದ್ರೆ ಒಳಗಡೆ ನನ್ ನಾಬು ತಿರುಗ್ತದೆ. ಅರಗಿನ್ ಮೆರುಗು ಹೆಂಗಿತ್ತು ಅಂದ್ರೆ ಅದರಲ್ಲಿ ನನ್ ಮೊಕ ಕಾಣ್ತಿತ್ತು. ಕೆಳಗೆ ನಾಲ್ಕು ಗಾಲಿ, ಎಳೆಯಕ್ಕೆ ಒಂದು ದಾರ.

"ಗಾಲಿ ಯಾಕೆ ಚಾಚಾ, ನಾನ್ ಕೇಳ್ಲಿಲ್ವಲ್ಲ?"

"ಗಾಲಿ ಇಲ್ದಿದ್ರೆ ಮಕ್ಕಳು ಅಳ್ತಾವೆ. ಮೂವತ್ತು ವರ್ಷದಿಂದ ನೋಡಿದ್ದೀನಿ." ಪೇಪರಲ್ಲಿ ಸುತ್ತಿ ಕೈಗೆ ಕೊಡ್ತಾ ಕೇಳುದ್ರು, "ಬಾಯಿಗೆ ಹಾಕಿದ್ರೂ ಏನಾಗಲ್ಲ, ಬಣ್ಣ ಬಿಡಲ್ಲ. ಮಗೀಗೆ ಎಷ್ಟು ವರ್ಷ?"

"ಐವತ್ತೆರಡು," ಅಂದೆ.

5. ಬೀಗರೂಟ

ಹುಳ ಎರಡ್ನೇ ಜ್ವರಕ್ಕೆ ಕೂತಿದ್ವು. ಜ್ವರ ಅಂದ್ರೆ ಕಾಯ್ಲೆ ಅಲ್ಲ, ಹುಳ ಮೇವು ಬುಟ್ಟು, ತಲೆ ಎತ್ಕಂಡು, ಹಳೇ ಚರ್ಮ ಕಳಚೋ ಹೊತ್ತು. ಮಾವನೂ ಹಂಗೇ ತಲೆ ಎತ್ಕಂಡು ಸೊಂಡ್ಲು ಎಳೀತಾ ಜಗುಲಿ ಮ್ಯಾಲೆ ಕೂತಿರೋನು. ಬೀಡಿ ಮುಟ್ಟಿರ್ಲಿಲ್ಲ. ಹುಳದ್ ಮನೆ ಹೊಸ್ಲಿಗಂಟ ಮಾತ್ರ ಆನೆ, ಒಳಕ್ಕೆ ಅತ್ತೆ ಬುಡ್ತಿರ್ಲಿಲ್ಲ.

ಆವಾಗ್ಲೇ ಮಾಗಡಿ ತಾವ ನೆಂಟ್ರ ಮನೇಲಿ ಬೀಗರೂಟ ಬಂತು. ಮದ್ವೆ ಆದ್ಮೇಲೆ ಹೆಣ್ಣಿನ್ ಕಡೆಯೋರ್ಗೆ ಬಾಡೂಟ ಹಾಕೋದು. ನಂಗೆ ಭಯ ಹತ್ಕಂತು. ಮುದ್ದೆ, ಬೋಟಿ ಗೊಜ್ಜು, ಬಾಡ್ನೆಸ್ರು ಇಳಿದ್ಮ್ಯಾಕೆ ಹೊಂಗೆ ಮರದ ಕೆಳಗೆ ಸಾಲಾಗಿ ಕೂತು ಬೀಡಿ ಹತ್ಸದೇ ಇರೋ ಗಂಡ್ಸು ನಮ್ ಕಡೆ ಇನ್ನೂ ಹುಟ್ಟಿಲ್ಲ. ಅತ್ತೆ ನನ್ನೂ ಮಾವನ ಜೊತೆ ಅಟ್ಟುದ್ಲು.

"ನಿನ್ ರೂಮು ಇವತ್ತು ಅವ್ನ ಬಾಯಲ್ಲೈತೆ, ನೋಡ್ಕ," ಅಂದ್ಲು.

ಊಟ ಆಯ್ತು. ಗಂಡಸ್ರೆಲ್ಲ ಮರದ ಕೆಳಗೆ ಕೂತು ಬೀಡಿ ಕಟ್ಟು ಬಿಚ್ಚುದ್ರು. ಯಾರೋ ಒಬ್ರು ಮಾವಂಗೂ ಒಂದು ನೀಡುದ್ರು. ಮಾವನ ಕೈ ಅರ್ಧ ದಾರಿ ಹೋಯ್ತು. ನಾನು ಕೆಮ್ದೆ. ಮಾವ ಕೈ ಹಿಂದಕ್ಕೆ ತಕ್ಕಂಡು, ಚೀಲದಿಂದ ಆನೆ ತೆಗ್ದು ನೆಲದ್ ಮ್ಯಾಲಿಟ್ಟು, ದಾರ ಹಿಡ್ದು ಒಸಿ ಮುಂದಕ್ಕೆ ಎಳ್ಕಂಡು, ಬಗ್ಗಿ ಸೊಂಡ್ಲಿಗೆ ಬಾಯಿಟ್ಟ.

ಮಾವನ ಮೂಗಿಂದ ಬಿಳೀ ಹಬೆ ಬುಸುಬುಸು ಅಂತ ಬಂದೇಟಿಗೆ ಎಲ್ಲಾರೂ ಬೀಡಿ ಆರ್ಸಿ ಸುತ್ತ ಕೂತ್ರು.

"ನಂಗೊಂದ್ ದಮ್ಮು ಕೊಡೋ."

"ಸಾಲಲ್ಲಿ ಬನ್ರಪ್ಪ, ಆನೆ ಒಂದೇ ಇರೋದು."

ಬೀಗರ ಕಡೆ ಹಿರೀಕರೊಬ್ರು, ಮೀಸೆ ದಪ್ಪಗಿರೋರು, ತಮ್ ಸರದಿ ಬಂದಾಗ ಬಾಲ ನೋಡಿ ಕೇಳುದ್ರು, "ಇದೇನಕ್ಕೆ?"

"ತಿರುಗ್ಸುದ್ರೆ ಜೋರಾಯ್ತದೆ. ನಿಮ್ಗೆ ಬ್ಯಾಡ ತಾತ," ಅಂದೆ.

ಹಂಗಂದ್ಮೇಲೆ ಮೀಸೆ ಇರೋರು ಬುಡ್ತಾರಾ? ಕೊನೆಗಂಟ ತಿರುಗ್ಸಿ ಒಂದು ದಮ್ಮು ಎಳುದ್ರು. ಕೆಮ್ಮು ಹತ್ಕಂಡು ಮೀಸೆ ಎಲ್ಲ ಅಲ್ಲಾಡ್ತು. ನೀರು ಕುಡ್ಸಿ, ಬೆನ್ನು ಗುದ್ದಿ, ಗಾಳಿ ಬೀಸಿದ್ಮ್ಯಾಲೆ ಕಣ್ಣೊರಸ್ಕಂಡು ಅಂದ್ರು, "ಆನೇದೇನ್ ತಪ್ಪಿಲ್ಲ ಬುಡ್ರಪ್ಪ. ಬಾಲ ತಿರುಚುದ್ರೆ ಯಾವ್ ಪ್ರಾಣಿ ತಾನೆ ಸುಮ್ನಿರ್ತದೆ."

6. ಹುಳದ ಪರೀಕ್ಷೆ

ನಾಕ್ನೇ ಜ್ವರ ಎದ್ದು ಹುಳ ದಪ್ಪ ಆದ್ವು. ಸೊಪ್ಪು ತಿನ್ನೋ ಸದ್ದು ಸೋನೆ ಮಳೆ ಹುಯ್ದಂಗೆ ಜಗುಲಿಗಂಟ ಕೇಳೋದು. ಇನ್ನೇನು ಹಣ್ಣಾಗಿ, ಅಂದ್ರೆ ಗೂಡು ಕಟ್ಟೋ ಹದಕ್ಕೆ ಬಂದು, ಚಂದ್ರಿಕೆಗೆ ಏರ್ಬೇಕು. ಈ ಟೈಮಲ್ಲಿ ಮನೆ ಮಂದಿ ಎಲ್ಲ ಹುಳದ್ ಮನೆ ಒಳಗೇ ಇರ್ಬೇಕು. ಮಾವ ಹಠ ಹಿಡ್ದ, "ಆನೆ ಒಳಕ್ಕೆ ಬರ್ಲಿ. ಇಲ್ದಿದ್ರೆ ನಂಗೆ ಕೈಕಾಲು ಆಡಲ್ಲ."

ಅತ್ತೆ ನನ್ ತಾವ ಬಂದ್ಲು. "ನಿಜ ಹೇಳ್ಲಾ. ಅದ್ರ ರಸದಲ್ಲಿ ಹೊಗೆಸೊಪ್ಪೈತಾ?"

ವೋಲ್ಟೇಜು ಲೆಕ್ಕ ಹಾಕಿದ್ದೆ, ರಸದ್ ಕಡೆ ತಲೆ ಹಾಕಿರ್ಲಿಲ್ಲ. ಇಂಥ ರಸದಲ್ಲಿ ಹೊಗೆಸೊಪ್ಪಿನ್ ಸತ್ವ ಹಾಕ್ತಾರೆ ಅಂತ ಕೇಳಿದ್ದೆ. ಇದ್ದಿದ್ದೇ ಆದ್ರೆ ಬೆಳೆ ಹೋಯ್ತು, ರೂಮು ಹೋಯ್ತು, ಅತ್ತೆ ಮನೆ ಅನ್ನಾನೂ ಹೋಯ್ತು.

ನನ್ ಮೊಕ ನೋಡಿ ಅತ್ತೆಗೆ ಉತ್ರ ಸಿಕ್ತು. ಹುಳದ್ ಮನೆಯಿಂದ, ಬೆಳೆಯೋದ್ರಲ್ಲಿ ಹಿಂದೆ ಬಿದ್ದಿದ್ದ ಒಂದು ಪೀಚು ಹುಳ ತಂದು, ಎಲೆ ಮ್ಯಾಲಿಟ್ಟು, ಹಿತ್ಲಲ್ಲಿ ಆನೆ ಮುಂದೆ ಇಟ್ಲು. ಮಾವ ಸೊಪ್ಪು ತರಕ್ಕೆ ತ್ವಾಟಕ್ಕೋಗಿದ್ದ.

"ಎಳ್ದು ಅದ್ರ ಮೊಕಕ್ಕೆ ಬುಡು," ಅಂದ್ಲು.

ಎಳ್ದು ಬುಟ್ಟೆ. ಹುಳ ತಲೆ ಎತ್ತಿ ಒಂದ್ಸಲ ಅತ್ಲಾಗೆ ಇತ್ಲಾಗೆ ನೋಡ್ತು. ಇಬ್ರೂ ಎಲೆ ಮ್ಯಾಲೆ ಬಗ್ಗುದ್ವಿ. ಹುಳ ತಲೆ ತಗ್ಗಿಸ್ಕಂಡು ಎಲೆ ತಿನ್ನಕ್ಕೆ ಶುರು ಮಾಡ್ತು.

"ಬಾಲ ತಿರುಗ್ಸಿ ಬುಡು."

ಬುಟ್ಟೆ. ಹಬೇಲಿ ಹುಳಾನೇ ಕಾಣ್ದಂಗಾಯ್ತು. ಹಬೆ ಸರಿದಾಗ ನೋಡುದ್ರೆ ಅರ್ಧ ಎಲೆ ಖಾಲಿ. ಸಂಜೆಗಂಟ ಕಾದ್ವಿ, ಹುಳ ಇನ್ನೊಂದ್ ಎಲೆ ಕೇಳ್ತು.

ಆಮ್ಯಾಕೆ ಬಾಟ್ಲಿ ತಂದು ಸಣ್ಣಕ್ಷರ ಓದ್ದೆ. ಹೊಗೆಸೊಪ್ಪಿನ್ ಸತ್ವ ಸೊನ್ನೆ. ಬರೀ ಗ್ಲಿಸರಿನ್ನು, ಒಸಿ ಪುದೀನ ವಾಸ್ನೆ. ನನ್ ದೋಸ್ತಂಗೆ ಯಾಕೆ ಮಜಾ ಬರ್ನಿಲ್ಲ ಅಂತ ಅವತ್ತು ಗೊತ್ತಾಯ್ತು.

"ಹಂಗಾದ್ರೆ ನಿಮ್ಮಾವ ಇಷ್ಟ್ ದಿನ ಸೇದಿದ್ದು?"

"ಇಡ್ಲಿ ಪಾತ್ರೆ ಮುಚ್ಳ ತೆಗುದ್ರೆ ಬರಲ್ವಾ, ಅದೇ ಅತ್ತೆ."

ಅತ್ತೆ ಸೆರಗು ಬಾಯಿಗಿಟ್ಕಂಡು ಕಂಬಕ್ಕೆ ಒರಗುದ್ಲು. ಭುಜ ಕುಲುಕ್ತಿತ್ತು. ನಕ್ಕು ಸಾಕಾದ್ಮೇಲೆ ಮೆತ್ತಗೆ ಅಂದ್ಲು, "ಅವ್ನಿಗೆ ಹೇಳ್ಬುಟ್ಟೀಯ, ಹುಷಾರು."

ಮಾವ ಸೊಪ್ಪಿನ್ ಹೊರೆ ಇಳ್ಸಿ, ಕೈಕಾಲು ತೊಳ್ದು, ಅತ್ತೆ ಅಪ್ಪಣೆ ತಕ್ಕಂಡು, ಆನೆ ಎಳ್ಕಂಡು ಹುಳದ್ ಮನೆ ಒಳಕ್ಕೆ ಹೋದ. ಒಂದು ದಮ್ಮು ಎಳ್ದು ಆಚೆ ಬಂದು ಗ್ವಾಡೆ ಹಿಡ್ಕಂಡು ನಿಂತ.

"ಇವತ್ತು ಒಸಿ ಸ್ಟ್ರಾಂಗ್ ಆಗೈತೆ ಕಣ್ಲಾ, ತಲೆ ಗಿರ್ ಅಂತದೆ. ಹೊಸ ರಸಾನಾ?"

7. ಮೇಷ್ಟ್ರು ಬಂದ್ರು

ಹುಳ ಹಣ್ಣಾದ್ವು, ಚಂದ್ರಿಕೆ ಏರುದ್ವು, ಗೂಡು ಕಟ್ಟುದ್ವು. ರಾಮನಗರದ ಗೂಡಿನ್ ಮಾರ್ಕೆಟ್ಟಲ್ಲಿ ಹರಾಜಿಗೆ ಬಂದೋರು ಗೂಡು ಅಲ್ಲಾಡ್ಸಿ ನೋಡಿ, "ಚೆನ್ನಾಗೈತೆ ಯಜಮಾನ್ರೆ," ಅಂದ್ರು. ಮಾವ ಒಂದು ಬೀಡೀನೂ ಮುಟ್ಟಿರ್ಲಿಲ್ಲ. ಅತ್ತೆ ಮಾತಿಗೆ ತಪ್ಪೋಳಲ್ಲ, ಅವತ್ತೇ ನಮ್ಮಪ್ಪಂಗೆ ಫೋನ್ ಮಾಡುದ್ಲು. "ಅಣ್ಣಾ, ಹುಡ್ಗ ಇಲ್ಲೇ ಇರ್ಲಿ. ರೂಮು ಅವ್ನಿಗೇ ಬುಟ್ಟಿದ್ದೀನಿ. ಚಂದ್ರಿಕೆ ಜಗುಲಿ ಮ್ಯಾಲೇ ಇಟ್ಕತ್ತೀನಿ."

ನಮ್ಮಪ್ಪ ಫೋನಲ್ಲಿ ಕೇಳೋ ಜಾತಿ ಅಲ್ಲ. ಭಾನುವಾರ ಬೆಳಿಗ್ಗೆ ಇಸ್ತ್ರಿ ಷರ್ಟು, ಜೇಬಲ್ಲಿ ಕೆಂಪು ಪೆನ್ನು, ಕಂಕುಳಲ್ಲಿ ಛತ್ರಿ ಸಮೇತ ಬಸ್ಸಿಳುದ್ರು. ಬೀಡಿ ಸಿಗರೇಟು ಕಂಡ್ರೆ ಅವ್ರಿಗೆ ಆಗಲ್ಲ. ಬಸ್ಸಲ್ಲಿ ಅಪರಿಚಿತರು ಸೇದುದ್ರೂ ಶ್ವಾಸಕೋಶದ್ ಪಾಠ ಮಾಡಿ ಇಳಿಸ್ತಾರೆ.

ಕಾಪಿ ಕುಡುದ್ರು, ಆಮೇಲೆ ಶುರು ಮಾಡುದ್ರು.

"ಒಬ್ಬರ ಬೀಡಿ ಬಿಡಿಸಿದ್ದು ಒಳ್ಳೇದೇ. ಆದ್ರೆ ಅದು ಜೀವನ ಆಗಲ್ಲ. ಕಾಲೇಜಲ್ಲಿ ಮಾತಾಡಿದ್ದೀನಿ. ಬಟ್ಟೆ ತುಂಬ್ಕೊ, ಮಧ್ಯಾಹ್ನದ ಬಸ್ಸಿಗೆ ಹೊರಡೋಣ."

"ಅಣ್ಣಾ, ನಾನು ಮಾತು ಕೊಟ್ಟಿದ್ದೀನಿ," ಅಂದ್ಲು ಅತ್ತೆ.

"ಮೇಷ್ಟ್ರೇ, ಆ ಆನೆ ನೋಡುದ್ರೆ ನೀವ್ ಹಿಂಗೆ ಅನ್ನಲ್ಲ," ಅಂದ ಮಾವ.

"ಆನೆ ಅಂತೆ," ಅಂತ ಅಪ್ಪ ಎದ್ರು. "ಎಲ್ಲಿದೆ? ನೋಡೇ ಬಿಡ್ತೀನಿ, ಇಷ್ಟು ದಿನ ಏನ್ ಕಡಿದು ಕಟ್ಟೆ ಹಾಕಿದ್ದಾನೆ ಅಂತ."

ನನ್ ರೂಮಿಗೆ ಹೋದ್ರು. ಬಾಗ್ಲು ಹಾಕ್ಕಂಡ್ರು. ನಾವು ಮೂರೂ ಜನ ಆಚೆ ನಿಂತ್ಕಂಡ್ವಿ. ಮೊದ್ಲು ಒಳಗೆ ಸ್ಕ್ರೂ ಡ್ರೈವರ್ ಸದ್ದು ಕೇಳ್ತು. ಬಿಚ್ಚಿ ನೋಡ್ತಾವ್ರೆ, ನನ್ ಸಾಲ್ಡರಿಂಗಿಗೆ ಮಾರ್ಕ್ಸ್ ಕೊಡ್ತಾವ್ರೆ ಅನ್ಕಂಡೆ. ನಂದು ಎಂದೂ ಪಾಸಾಗೋ ಸಾಲ್ಡರಿಂಗ್ ಅಲ್ಲ. ಬಟ್ಟೆ ತುಂಬ್ಕಳಕ್ಕೆ ಚೀಲ ಎಲ್ಲೈತೆ ಅಂತ ಮನಸ್ನಲ್ಲೇ ಹುಡುಕ್ತಿದ್ದೆ.

ಆಮೇಲೆ ಸದ್ದು ನಿಂತೋಯ್ತು. ಎಷ್ಟೊತ್ತಾದ್ರೂ ಬಾಗ್ಲು ತೆಗೀಲಿಲ್ಲ. ಬಾಗ್ಲು ಸಂದೀಲಿ, ನೆಲದ್ ಮ್ಯಾಲೆ ಸವರ್ಕಂಡು ಮೆಲ್ಲಗೆ ಬಿಳೀ ಹಬೆ ಆಚೆ ಬಂತು. ಪುದೀನ ವಾಸ್ನೆ.

ಅತ್ತೆ ಮಾವನ ಮೊಕ ನೋಡುದ್ಲು. ಮಾವ ನನ್ ಮೊಕ ನೋಡ್ದ.

ಬಾಗ್ಲು ಒಂದು ಗೇಣು ತೆಗೀತು. ಅಪ್ಪನ್ ಬೆರಳು ನನ್ನೊಬ್ಬನ್ನೇ ಕರೀತು. ಒಳಕ್ಕೋದೆ. ಅಪ್ಪ ಚಾಪೆ ಮ್ಯಾಲೆ ಚಕ್ಳಂಬಕ್ಳ ಹಾಕ್ಕಂಡು ಕೂತವ್ರೆ, ತೊಡೆ ಮ್ಯಾಲೆ ಆನೆ. ಕನ್ನಡಕ ಹಬೆ ಹಿಡ್ಕಂಡು ಬೆಳ್ಳಗಾಗೈತೆ. ಅಪ್ಪ ಕನ್ನಡಕ ತೆಗ್ದು ಪಂಚೇಲಿ ಒರಸ್ತಾ, ಪರೀಕ್ಷೆ ಹಾಲಲ್ಲಿ ಮಾತಾಡೋ ದನೀಲಿ ಶುರು ಮಾಡುದ್ರು.

"ನಿಮ್ಮಮ್ಮನ ಕಿವಿಗೆ ಬೀಳಬಾರದು. ಮದುವೆ ಆದಾಗಿಂದ ಅವಳಿಗೆ, ಷರ್ಟಿನ ವಾಸನೆ ನಂದಲ್ಲ, ಸ್ಟಾಫ್ ರೂಮಲ್ಲಿ ಬೇರೆ ಮೇಷ್ಟ್ರುಗಳು ಸೇದ್ತಾರೆ ಅಂತ ಹೇಳ್ಕೊಂಡು ಬಂದಿದ್ದೀನಿ. ಈಗ ಸೇದೋರೆಲ್ಲ ರಿಟೈರ್ ಆಗಿಹೋದ್ರು. ಉಳಿದಿರೋದು ನಾನು, ಇಬ್ಬರು ಮೇಡಂಗಳು."

ಅಪ್ಪ ಕನ್ನಡಕ ಹಾಕ್ಕಂಡು ಆನೆ ಬೆನ್ನು ಸವರುದ್ರು.

"ನನಗೂ ಒಂದು ಮಾಡ್ಕೊಡು. ಆನೆ ಬೇಡ, ದೊಡ್ಡದಾಯ್ತು. ಊಟದ ಬ್ಯಾಗಲ್ಲಿ, ಮೊಸರನ್ನದ ಡಬ್ಬಿ ಪಕ್ಕ ಕೂರೋ ಅಂಥದ್ದು. ಮೊಲ ಆದ್ರೆ ಸರಿಹೋಗುತ್ತೆ."

"ಅಪ್ಪಾ, ಮಧ್ಯಾಹ್ನದ ಬಸ್ಸು? ಕಾಲೇಜು?"

ಅಪ್ಪ ಇನ್ನೊಂದ್ ಸಲ ಸೊಂಡ್ಲಿಗೆ ಬಾಯಿಟ್ಟು, ಕಣ್ಣು ಮುಚ್ಕಂಡು ಎಳ್ದು, ನಿಧಾನವಾಗಿ ಬುಟ್ರು.

"ಮೊಲ ಮುಗೀಲಿ. ಓದೋದು ಎಲ್ಲಿಗೆ ಹೋಗುತ್ತೆ."